ಕೊಡಗಿನ ಕೋವಿ ವಿನಾಯಿತಿ: ಇದನ್ನು ಹಕ್ಕು ಅನ್ನೋಣವೋ, ನಂಬಿಕೆ ಅನ್ನೋಣವೋ?

ನಾಲ್ನಾಡಿನವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ಎರಡು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಅವತ್ತು ಅಂಗಳದಲ್ಲಿ ನಿಂತು ಆ ಎರಡು ಈಡು ಹೊಡೆದವನು ನಾನೇ. ಅಪ್ಪನದೇ ಜೋಡಿ ನಳಿಗೆ ಕೋವಿ, 12 ಬೋರ್. ಅವರು ಕೆನ್ನೆ ಒತ್ತುತ್ತಿದ್ದ ಕಡೆ ಮರ ಸವೆದು ನುಣುಪಾಗಿದೆ, ಕೈಯಾಡಿಸಿದರೆ ಗೊತ್ತಾಗುತ್ತೆ. ಮೊದಲ ಈಡಿಗೆ ಎದುರು ಗುಡ್ಡದ ನಾಯಿಗಳು ಬೊಗಳಿದವು. ಎರಡನೆಯದು ಕೇಳುತ್ತಿದ್ದಂತೆ ಗದ್ದೆ ಆಚೆಗಿನ ಮನೆಗಳಿಂದ ಒಬ್ಬೊಬ್ಬರೇ ಹೊರಗೆ ಬಂದು ನಮ್ಮ ಮನೆ ಕಡೆ ತಿರುಗಿ ನಿಂತರು. ನಾವು ಯಾರಿಗೂ ಇನ್ನೂ ಫೋನ್ ಮಾಡಿರಲಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದ ರಾತ್ರಿ ಮಗ ಕೋವಿ ಒರೆಸುತ್ತಾ ಕೂತಿದ್ದ. ಬೆಂಗಳೂರಲ್ಲಿ ಕೆಲಸ, 24 ವರ್ಷ. "ಅಪ್ಪಾ, ಇದು ನಮ್ಮ ಹಕ್ಕು ಅಲ್ವಾ, ಅಮೆರಿಕದಲ್ಲಿ ಇರೋ ಹಾಗೆ? ಯಾರೂ ಕಿತ್ತುಕೊಳ್ಳೋಕೆ ಆಗಲ್ಲ. ಬೆಂಗಳೂರಿಗೂ ತಗೊಂಡು ಹೋಗಬಹುದು" ಅಂದ. ಹುಡುಗ ಕೆಟ್ಟವನಲ್ಲ. ಫೋನಿನಲ್ಲಿ ಏನೇನೋ ನೋಡ್ತಾನೆ, ಅಲ್ಲಿನ ಮಾತು ತಲೆಗೆ ಹತ್ತಿದೆ. ಆದರೆ ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. 1857ರ ದಂಗೆಯಾದ ಮೇಲೆ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. ಆಗ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, 1861ರ ಫೆಬ್ರವರಿಯಲ್ಲಿ ಕೊಡಗಿನವರ ನಿಷ್ಠೆ, ಧೈರ್ಯವನ್ನು ಹೊಗಳಿ, ಈ ಕಾನೂನು ಅವರಿಗೆ ಅನ್ವಯಿಸುವುದಿಲ್ಲ ಅಂತ ಆದೇಶ ಹೊರಡಿಸಿದ. 1878ರ ಆಯುಧ ಕಾಯ್ದೆ ಬಂದಾಗಲೂ ವಿನಾಯಿತಿ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ 1959ರ ಕಾಯ್ದೆಯಡಿ 1960ರ ದಶಕದ ಅಧಿಸೂಚನೆಗಳಲ್ಲೂ ಉಳಿಯಿತು. ಈಗಿರುವುದು ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರ್‌ನಲ್ಲಿ ಹೊರಡಿಸಿದ್ದು. ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ, ಅಂದರೆ ತಲೆತಲಾಂತರದಿಂದ ಬಂದ ಜಮೀನಿನ, ಹಿಡುವಳಿದಾರರಿಗೆ ಲೈಸೆನ್ಸ್ ಬೇಕಿಲ್ಲ, ಆದರೆ 2029ರ ಅಕ್ಟೋಬರ್ 31ರವರೆಗೆ ಮಾತ್ರ. ಈ ಕೊನೆಯ ತುಂಡು ನಮ್ಮ ಎಷ್ಟು ಮನೆಗಳಿಗೆ ಗೊತ್ತಿದೆಯೋ.

ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳಿಬಿಡ್ತೀನಿ. ಇದು ಅಮೆರಿಕದ ಥರದ ಹಕ್ಕಲ್ಲ. ಇದು ನಂಬಿಕೆ. ಈ ಜನರ ಕೈಯಲ್ಲಿ ಕೋವಿ ಇದ್ದರೂ ಊರಿಗೆ ಕೇಡಾಗುವುದಿಲ್ಲ ಅಂತ ಒಂದು ಸರ್ಕಾರ ನಂಬಿತು, ಮುಂದಿನ ಸರ್ಕಾರಗಳೂ ನಂಬಿದವು. ಆ ನಂಬಿಕೆ ಉಳಿಸಿಕೊಳ್ಳುವ ಹೊಣೆ ಪ್ರತಿ ಮನೆಯದು. ಹೋದ ವರ್ಷ ಒಂದು ಮದುವೆಯಲ್ಲಿ ಕುಡಿದ ಹುಡುಗನೊಬ್ಬ ಶಾಮಿಯಾನದ ಪಕ್ಕದಲ್ಲೇ ಗಾಳಿಗೆ ಗುಂಡು ಹಾರಿಸಿದ. ಮಕ್ಕಳು ಚೆಲ್ಲಾಪಿಲ್ಲಿಯಾದರು. ದೊಡ್ಡವರು ನಕ್ಕು ಸುಮ್ಮನಾದರು, ನಾನೂ ಸುಮ್ಮನಾದೆ. ಹಾಗೆ ಸುಮ್ಮನಾದದ್ದು ಇವತ್ತಿಗೂ ಚುಚ್ಚುತ್ತೆ.

2029 ದೂರವಿಲ್ಲ. ನೀವೆಲ್ಲ ಏನಂತೀರಿ? ಕೊಡಗಿನವರು ಮಾತ್ರ ಅಲ್ಲ, ಎಲ್ಲರೂ ಹೇಳಿ.

ಸುಳ್ಯದ ಅಡಿಕೆ ಕೃಷಿಕ

ತಂದೆಯವರ ವಿಷಯ ಓದಿ ಬೇಜಾರಾಯ್ತು ಅಣ್ಣ.

ನಾನು ಸಂಪಾಜೆ ಘಾಟಿಯ ಈಚೆಗಿನವ. ನಮ್ಮ ಮನೆಯಲ್ಲೂ ಕೋವಿ ಉಂಟು, ಅಜ್ಜನ ಕಾಲದ್ದು, ಒಂಟಿ ನಳಿಗೆ. ಬೆಳೆ ರಕ್ಷಣೆ ಲೈಸೆನ್ಸ್. ನಿಮ್ಮ ತೋಟದ ಹಂದಿಗೂ ನನ್ನ ತೋಟದ ಹಂದಿಗೂ ಏನು ವ್ಯತ್ಯಾಸ ಹೇಳಿ ಮಾರಾಯ್ರೆ? ನಿಮಗೆ ವಿನಾಯಿತಿ ಪತ್ರ, ನನಗೆ ಐದು ವರ್ಷಕ್ಕೊಮ್ಮೆ ನವೀಕರಣ. 2019ರ ತಿದ್ದುಪಡಿಗೆ ಮೊದಲು ಅದು ಮೂರು ವರ್ಷಕ್ಕೊಮ್ಮೆ ಇತ್ತು. ಅರ್ಜಿ, ಠಾಣೆಯ ವರದಿ, ಮತ್ತೆ ಡಿಸಿ ಕಚೇರಿ.

ಅದನ್ನಾದರೂ ಸಹಿಸಬಹುದು. ಚುನಾವಣೆ ಬಂದಾಗ ಆಗುವುದು ಬೇರೆ ಕತೆ. ಕೋವಿ ಠಾಣೆಗೆ ಠೇವಣಿ ಇಡಬೇಕು. ಲೋಕಸಭೆ, ವಿಧಾನಸಭೆ, ಪಂಚಾಯತ್ ಅಂತ ಒಂದರ ಹಿಂದೆ ಒಂದು. ಕಳೆದ ಸಲ ಕೋವಿ ಠಾಣೆಯಲ್ಲಿದ್ದಾಗ ಒಂದೇ ರಾತ್ರಿ ಹಂದಿ ಹಿಂಡು ನುಗ್ಗಿ ಬಾಳೆಯನ್ನೆಲ್ಲ ಮಲಗಿಸಿ ಹೋಯ್ತು. ಗೆಡ್ಡೆ ಸಮೇತ ಅಗೆದಿತ್ತು, ಬೆಳಗ್ಗೆ ನೋಡಿದರೆ ಟಿಲ್ಲರ್ ಓಡಿಸಿದ ಹಾಗೆ. ಕೋವಿ ವಾಪಸ್ ತಂದಾಗ ನಳಿಗೆ ಒಳಗೆ ತುಕ್ಕು. ಎಣ್ಣೆ ಹಾಕಿ ಒಂದು ವಾರ ತಿಕ್ಕಿದೆ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಕಬ್ಬನ್ ಹೊಗಳಿದ ಆ ನಿಷ್ಠೆ ಇದೆಯಲ್ಲ, ಅದಕ್ಕೆ ನಮ್ಮ ಕಡೆಯಿಂದ ನೋಡಿದರೆ ಇನ್ನೊಂದು ಮುಖ ಉಂಟು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಸುಳ್ಯದಿಂದ ಹೊರಟ ರೈತರು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ್ದರು. ಈಸ್ಟ್ ಇಂಡಿಯಾ ಕಂಪೆನಿ ಅದನ್ನು ಹತ್ತಿಕ್ಕಿತು. ಹಾಗಾಗಿ "ಸರ್ಕಾರಕ್ಕೆ ನಿಷ್ಠರು" ಅನ್ನುವ ಪದ ನಮ್ಮಲ್ಲಿ ಬೇರೆ ಥರ ಕೇಳುತ್ತದೆ. ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮ ವಿನಾಯಿತಿ ಹೋಗಲಿ ಅಂತಲೂ ಇಲ್ಲ. ನಮಗೂ ಸ್ವಲ್ಪ ನಂಬಿಕೆ ಸಿಗಲಿ ಅಂತ ಅಷ್ಟೆ.

ಮೈಸೂರಿನ ವಕೀಲೆ

ನಾಲ್ನಾಡಿನವರೇ, ಮಗ ಕೋವಿಯನ್ನು ಬೆಂಗಳೂರಿಗೆ ಒಯ್ಯುವ ಮೊದಲು ದಯವಿಟ್ಟು ಇದನ್ನು ಓದಿಸಿ.

ನಿಮಗಿರುವ ವಿನಾಯಿತಿ ಇಡೀ ಆಯುಧ ಕಾಯ್ದೆಯಿಂದ ಅಲ್ಲ. ಕಲಂ 3 ಮತ್ತು 4ರಿಂದ ಮಾತ್ರ, ಅಂದರೆ ಲೈಸೆನ್ಸ್ ಪಡೆಯಬೇಕೆಂಬ ಕಲಂಗಳಿಂದ. ಅದನ್ನು ಕೊಟ್ಟಿರುವುದು ಕಲಂ 41ರ ಅಧಿಕಾರ ಬಳಸಿ. ಸಾರ್ವಜನಿಕ ಹಿತ ಅನ್ನಿಸಿದರೆ ಕೇಂದ್ರ ಸರ್ಕಾರ ಕೊಡಬಹುದು, ಷರತ್ತು ಹಾಕಬಹುದು, ಹಿಂತೆಗೆದುಕೊಳ್ಳಲೂಬಹುದು. ಉಳಿದ ಕಲಂಗಳೆಲ್ಲ ನಿಮ್ಮನ್ನೂ ಕಟ್ಟಿಹಾಕುತ್ತವೆ. 21 ತುಂಬದವರ ಸ್ವಾಧೀನದಲ್ಲಿ ಕೋವಿ ಇರುವಂತಿಲ್ಲ ಅನ್ನುವ ಕಲಂ 9 ನಿಮಗೂ ಉಂಟು. ನೀವು ಹೇಳಿದ ಮದುವೆಯ ಹುಡುಗನಿಗೆ 2019ರ ತಿದ್ದುಪಡಿ ಅನ್ವಯಿಸುತ್ತೆ: ಸಂಭ್ರಮಕ್ಕೆಂದು ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. "ನಾನು ಕೊಡವ, ನನಗೆ ವಿನಾಯಿತಿ ಇದೆ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಬೇಟೆ ವಿಷಯವೂ ಹಾಗೆಯೇ. ಕೋವಿ ಇಟ್ಟುಕೊಳ್ಳಲು ಅನುಮತಿ ಇದ್ದರೆ ಬೇಟೆಗೂ ಅನುಮತಿ ಇದೆ ಅಂತ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ನಿಂತಿದೆ. ಇನ್ನು ಜಿಲ್ಲೆಯ ಹೊರಗೆ ಒಯ್ಯುವುದಾದರೆ ಅಧಿಸೂಚನೆಯ ಷರತ್ತುಗಳನ್ನೂ ನಿಮ್ಮ ವಿನಾಯಿತಿ ಪತ್ರವನ್ನೂ ಮುಂದಿಟ್ಟುಕೊಂಡು ಓದಿ. ಸಂಶಯ ಬಂದರೆ ಡಿಸಿ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ.

ಈಗ ಹಕ್ಕಿನ ಪ್ರಶ್ನೆ. ನಮ್ಮ ಸಂವಿಧಾನದಲ್ಲಿ ಆಯುಧ ಧರಿಸುವ ಮೂಲಭೂತ ಹಕ್ಕು ಇಲ್ಲ. ಶಾಂತಿಯುತವಾಗಿ ಸಭೆ ಸೇರುವ ಹಕ್ಕು ಕೊಡುವ 19(1)(ಬಿ) ವಿಧಿಯಲ್ಲೇ "ಆಯುಧಗಳಿಲ್ಲದೆ" ಅಂತ ಬರೆದಿದ್ದಾರೆ. ಸಿಖ್ಖರ ಕೃಪಾಣಕ್ಕೆ ಮಾತ್ರ 25ನೇ ವಿಧಿಯ ವಿವರಣೆಯಲ್ಲಿ ಜಾಗವಿದೆ. ಉತ್ತರ ಪ್ರದೇಶದ ಒಂದು ಜಾಮೀನು ಅರ್ಜಿಯ ವಿಚಾರಣೆಯಲ್ಲಿ 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು, ಅಮೆರಿಕದ ಸಂವಿಧಾನದಂತೆ ಇಲ್ಲಿ ಯಾರಿಗೂ ಆಯುಧ ಹೊಂದುವ ಮೂಲಭೂತ ಹಕ್ಕಿಲ್ಲ ಅಂತ. ಪೀಠದಲ್ಲಿ ಇದ್ದವರು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ.

ಆದರೆ ಯಾರೂ ಯೋಚಿಸದೆ ಬಿಟ್ಟುಹೋದ ವಿಷಯ ಇದಲ್ಲ. ಇದರ ಕತೆ ನನಗೆ ತುಂಬ ಹಿಡಿಸುತ್ತೆ. 1878ರ ಕಾಯ್ದೆ ಬಂದಾಗ ಯುರೋಪಿಯನ್ನರಿಗೆ ವಿನಾಯಿತಿ ಇತ್ತು, ಭಾರತೀಯನಿಗೆ ಲೈಸೆನ್ಸ್ ಬೇಕಿತ್ತು. ಆ ಅವಮಾನ ಜನರಿಗೆ ನಾಟಿತ್ತು. ಅಹಿಂಸೆಯ ಗಾಂಧೀಜಿಯೇ ಇಡೀ ದೇಶದ ಆಯುಧ ಕಿತ್ತುಕೊಂಡ ಆ ಕಾಯ್ದೆಯನ್ನು ಬ್ರಿಟಿಷ್ ಆಳ್ವಿಕೆಯ ಅತಿ ಕರಾಳ ಕೃತ್ಯ ಅಂತ ಬರೆದಿದ್ದರು. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಪ್ರತಿ ಪ್ರಜೆಗೂ ಇರಬೇಕು ಅಂತ ಸೇರಿಸಿದರು. 1948ರಲ್ಲಿ ಸಂವಿಧಾನ ಸಭೆಯಲ್ಲಿ ಈ ಹಕ್ಕು ಸೇರಿಸಿ ಅಂತ ಪಟ್ಟು ಹಿಡಿದವರು ಎಚ್.ವಿ. ಕಾಮತ್, ಹುಟ್ಟಿದ್ದು ಮಂಗಳೂರಿನಲ್ಲಿ. ಅಂಬೇಡ್ಕರ್ ಒಪ್ಪಲಿಲ್ಲ. ತಿದ್ದುಪಡಿ ಬಿದ್ದುಹೋಯಿತು. ಚರ್ಚಿಸಿ, ಬೇಡವೆಂದು ತೀರ್ಮಾನಿಸಿ ಬಿಟ್ಟದ್ದು ಅದು. ಆಗಷ್ಟೇ ದೇಶವಿಭಜನೆಯ ರಕ್ತ ನೋಡಿ ಬಂದಿದ್ದ ಸಭೆ ಇನ್ನೇನು ಮಾಡೀತು ಅನ್ನಿಸುತ್ತೆ ನನಗೆ.

ನಿಮ್ಮ ವಿನಾಯಿತಿಯನ್ನು ನಿವೃತ್ತ ಸೇನಾಧಿಕಾರಿಯೊಬ್ಬರು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಪ್ರಶ್ನಿಸಿದ್ದರು. ಜಾತಿಯ ಮೇಲೆ, ಭೂಹಿಡುವಳಿಯ ಮೇಲೆ ಕೊಡುವುದು ಸಮಾನತೆಗೆ ವಿರುದ್ಧ ಅನ್ನುವುದು ಅವರ ವಾದ. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಎರಡು ಕಾರಣ ಗಮನಿಸಿ. ಸ್ವಾತಂತ್ರ್ಯಕ್ಕೂ ಮೊದಲಿನಿಂದ ನಡೆದುಬಂದ ಸಮರ ಪರಂಪರೆಯ ಸಮುದಾಯ ಅನ್ನುವುದು ಒಂದು. ವಿನಾಯಿತಿ ಅನಿರ್ದಿಷ್ಟ ಕಾಲಕ್ಕಲ್ಲ, ಹತ್ತು ವರ್ಷಕ್ಕೆ, ಅದೂ ಷರತ್ತಿಗೆ ಒಳಪಟ್ಟು ಅನ್ನುವುದು ಇನ್ನೊಂದು. ನೀವು ನಂಬಿಕೆ ಅಂದದ್ದನ್ನು ಕಾನೂನಿನ ಭಾಷೆಯಲ್ಲಿ ಹೇಳುವುದು ಹೀಗೆಯೇ.

@ಸುಳ್ಯದ ಅಡಿಕೆ ಕೃಷಿಕ, ಚುನಾವಣಾ ಆಯೋಗದ ಸೂಚನೆಯಲ್ಲಿ ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ತೆಗೆದುಕೊಳ್ಳಿ ಅಂತ ಇಲ್ಲ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬರದನ್ನೂ ನೋಡಬೇಕು. ಜಾಮೀನಿನ ಮೇಲೆ ಇರುವವರು, ಕ್ರಿಮಿನಲ್ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕಿಕೊಂಡವರು, ಇಂಥವರತ್ತ ವಿಶೇಷ ಗಮನ. ಬೆಳೆ ರಕ್ಷಣೆ ಲೈಸೆನ್ಸ್ ಇರುವ ರೈತರು ಚುನಾವಣೆ ಘೋಷಣೆಯಾದ ಕೂಡಲೇ ಸಮಿತಿಗೆ ಅರ್ಜಿ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಠಾಣೆಯಿಂದ ಫೋನ್ ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ.

ಸುಳ್ಯದ ಅಡಿಕೆ ಕೃಷಿಕ

ಇದು ಗೊತ್ತೇ ಇರಲಿಲ್ಲ ಮೇಡಂ. ತುಂಬ ಉಪಕಾರ ಆಯ್ತು. ನಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ ಓದಿ ಹೇಳ್ತೇನೆ.

ಗಡಿ ದಾಟಿದರೆ ಕಾಸರಗೋಡು. ಅಲ್ಲಿ 2022ರಿಂದ ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಲೈಸೆನ್ಸ್ ಕೋವಿಯವರಿಂದ ಹೊಡೆಸುವ ಅಧಿಕಾರವನ್ನು ಕೇರಳ ಸರ್ಕಾರ ಪಂಚಾಯತ್ ಅಧ್ಯಕ್ಷರಿಗೇ ಕೊಟ್ಟಿದೆ. ಇಲ್ಲಿ ನನ್ನ ಕೋವಿ ಇರುವುದು ಗಾಳಿಗೆ ಸದ್ದು ಮಾಡಲಿಕ್ಕೆ. ಆ ಸದ್ದಿಗೆ ಈಗಿನ ಹಂದಿಗಳು ಕಿವಿಯನ್ನೂ ಅಲುಗಿಸುವುದಿಲ್ಲ.

ಡಲ್ಲಾಸ್ ಕನ್ನಡತಿ

ನಾಲ್ನಾಡಿನ ಅಣ್ಣ, ನಿಮ್ಮ ಮಗ ಅಮೆರಿಕದ ಹಕ್ಕು ಅಂದದ್ದಕ್ಕೆ ಇದನ್ನು ಬರೀತಾ ಇದೀನಿ. ನಾನು ಹಾಸನದವಳು, ಟೆಕ್ಸಾಸ್‌ಗೆ ಬಂದು 13 ವರ್ಷ ಆಯ್ತು.

ಇಲ್ಲಿ ಅದು ನಿಜಕ್ಕೂ ಹಕ್ಕು. ಇಲ್ಲಿನ ಸಂವಿಧಾನದ 1791ರ ಎರಡನೇ ತಿದ್ದುಪಡಿಯಲ್ಲಿ ಬರೆದದ್ದು. ಅದು ನಾಗರಿಕ ಸೇನೆಯ ವಿಷಯವೋ, ಒಬ್ಬೊಬ್ಬ ಪ್ರಜೆಯ ವಿಷಯವೋ ಅಂತ ಬಹಳ ಕಾಲ ವಾದ ಇತ್ತು. 2008ರಲ್ಲಿ ಸುಪ್ರೀಂ ಕೋರ್ಟ್ ಇದು ವ್ಯಕ್ತಿಯ ಹಕ್ಕು, ಮನೆಯಲ್ಲಿ ಇಟ್ಟುಕೊಳ್ಳಬಹುದು ಅಂತ ಹೇಳಿತು. ನ್ಯೂಯಾರ್ಕಿನಲ್ಲಿ ಬಂದೂಕು ಹೊರಗೆ ಒಯ್ಯಬೇಕಾದರೆ ನನಗೇ ಯಾಕೆ ಬೇಕು ಅಂತ ವಿಶೇಷ ಕಾರಣ ತೋರಿಸಬೇಕಿತ್ತು. 2022ರ ಜೂನ್‌ನಲ್ಲಿ ಕೋರ್ಟ್ ಅದನ್ನೂ ಹೊಡೆದುಹಾಕಿತು. ನಮ್ಮೂರಲ್ಲಿ ಕಾರಣ ಹೇಳಬೇಕಾದವನು ಅರ್ಜಿ ಹಾಕುವವನು. ಇಲ್ಲಿ ಬೇಡ ಅನ್ನುವುದಕ್ಕೆ ಸರ್ಕಾರ ಕಾರಣ ಹೇಳಬೇಕು. ಎರಡಕ್ಕೂ ಅಜಗಜಾಂತರ.

ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ತುಂಬಿದ, ಬೇರೆ ಅಡ್ಡಿ ಇಲ್ಲದ ಯಾರೇ ಆಗಲಿ ಪರ್ಮಿಟ್ ಇಲ್ಲದೆ ಪಿಸ್ತೂಲು ಒಯ್ಯಬಹುದು. ಹಾಲು ತರೋಕೆ ಹೋದರೆ ಅಂಗಡಿ ಬಾಗಿಲಲ್ಲಿ "30.06", "30.07" ಅಂತ ದೊಡ್ಡ ಅಕ್ಷರದ ಫಲಕ. ಮರೆಮಾಡಿಯೂ ತರಬೇಡಿ, ತೋರಿಸಿಕೊಂಡೂ ತರಬೇಡಿ ಅಂತ ಅಂಗಡಿಯವರು ಹಾಕಬೇಕಾದ ನೋಟಿಸ್ ಅದು. ಬಂದ ಹೊಸತರಲ್ಲಿ ಅದು ಯಾವುದೋ ರಸ್ತೆಯ ನಂಬರ್ ಅಂದುಕೊಂಡಿದ್ದೆ.

ಇಲ್ಲಿಗೆ ಬರುವ ನಮ್ಮ ಹುಡುಗರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಎಚ್-1ಬಿ ಥರದ ವೀಸಾದಲ್ಲಿ ಇರುವವರಿಗೆ ಬಂದೂಕು ಹೊಂದುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆ ಲೈಸೆನ್ಸ್ ಇರುವವರಿಗೆ, ಹೀಗೆ ಕೆಲವರಿಗೆ ಮಾತ್ರ ವಿನಾಯಿತಿ. ಸಹೋದ್ಯೋಗಿ ಕರೆದ ಅಂತ ಏನೂ ತಿಳಿಯದೆ ಕೊಂಡು ಮನೆಯಲ್ಲಿ ಇಟ್ಟರೆ ವೀಸಾ, ಕೆಲಸ, ಜೀವನ ಎಲ್ಲ ಹೋಗುತ್ತೆ. ಹಕ್ಕಿನ ದೇಶದಲ್ಲೂ ಆ ಹಕ್ಕು ಎಲ್ಲರದ್ದಲ್ಲ.

ನನ್ನ ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಮನೆಗೆ ಬಂದು, ದೀಪ ಆರಿಸಿ, ಬಟ್ಟೆ ಬೀರುವಿನ ಪಕ್ಕದ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಳು. ಏನು ಪುಟ್ಟ ಅಂತ ಕೇಳಿದರೆ ತುಟಿ ಮೇಲೆ ಬೆರಳಿಟ್ಟು "ಶ್, ಸದ್ದು ಮಾಡಬಾರದಮ್ಮ, ಕೆಟ್ಟವರು ಬಂದಾಗ ಹೀಗೆ ಕೂರಬೇಕು" ಅಂದಳು. ಶಾಲೆಯಲ್ಲಿ ಅಭ್ಯಾಸ ಮಾಡಿಸಿದ್ದರು. ಅದಾಗಿ ಕೆಲವೇ ತಿಂಗಳಿಗೆ, 2022ರ ಮೇ 24ರಂದು, ಇದೇ ರಾಜ್ಯದ ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಕೊಂದವನಿಗೆ 18 ವರ್ಷ. ರೈಫಲನ್ನು ಅಂಗಡಿಯಲ್ಲಿ ಕಾನೂನು ಪ್ರಕಾರವೇ ಕೊಂಡಿದ್ದ.

ಇಲ್ಲಿನ ನನ್ನ ನೆರೆಯವರು ಒಳ್ಳೆಯವರು, ಬಂದೂಕು ಇಟ್ಟುಕೊಂಡಿದ್ದಾರೆ, ಜೋಪಾನವಾಗಿ ಬೀಗ ಹಾಕಿ ಇಟ್ಟಿದ್ದಾರೆ. ಅವರ ಬಗ್ಗೆ ದೂರಿಲ್ಲ. ಆದರೆ ಹಕ್ಕು ಅಂತ ಆದ ಮೇಲೆ ಜೋಪಾನ ಮಾಡದವನಿಂದ ಮೊದಲೇ ವಾಪಸ್ ಪಡೆಯೋದು ಎಷ್ಟು ಕಷ್ಟ ಅಂತ ಇಲ್ಲಿ ದಿನಾ ನೋಡ್ತೀನಿ. ನಿಮ್ಮ ಮಗನಿಗೆ ಹೇಳಿ ಅಣ್ಣ, ನಂಬಿಕೆ ಅನ್ನುವ ಪದವೇ ವಾಸಿ.

ಪೊನ್ನಂಪೇಟೆ

ನಾನು ಇಲ್ಲಿ ಓದುವುದು ಮಾತ್ರ, ಬರೆಯುವುದು ಅಪರೂಪ. ಇವತ್ತು ಬರೆಯಬೇಕು ಅನ್ನಿಸಿತು.

1998ರ ಮಳೆಗಾಲ. ನನ್ನ ಯಜಮಾನರ ಅಣ್ಣ, ಅವರ ಚಿಕ್ಕಪ್ಪನ ಮಗ, ಇನ್ನಿಬ್ಬರು ರಾತ್ರಿ ಏಲಕ್ಕಿ ತೋಟಕ್ಕೆ ಹಂದಿಗೆ ಹೋದರು. ಹೋಗಬಾರದಿತ್ತು, ಕಾನೂನು ಒಪ್ಪುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಹೋಗುತ್ತಿದ್ದರು. ಇಬ್ಬಿಬ್ಬರಾಗಿ ಬೇರೆ ಬೇರೆ ಕಡೆ ಕೂತರು. ಭಾವ ಯಾಕೋ ಜಾಗ ಬದಲಿಸಿ ತಗ್ಗಿನಲ್ಲಿ ಬಗ್ಗಿಕೊಂಡು ಬರುತ್ತಿದ್ದರು. ಏಲಕ್ಕಿ ಎಲೆ ಅಲುಗಿದ್ದು ನೋಡಿ ಆ ಕಡೆಯಿಂದ ಈಡು ಬಂತು.

ಬೆಳಗಿನ ಜಾವ ಕಂಬಳಿಯಲ್ಲಿ ಹೊತ್ತು ತಂದರು. ಅಂಗಳದಲ್ಲಿ ಎರಡು ಗುಂಡು ಹಾರಿಸಬೇಕು ಅಂತ ಹಿರಿಯರು ಅಂದಾಗ ಅತ್ತೆ ಎದ್ದು ನಿಂತು, "ಈ ಮನೆಯಲ್ಲಿ ಇವತ್ತು ಕೋವಿ ಸದ್ದು ಆಗಬಾರದು" ಅಂದರು. ಮದ್ದಿನ ವಾಸನೆ ಇಲ್ಲದೆ ನಡೆದ ಶವಸಂಸ್ಕಾರ ನಮ್ಮ ಒಕ್ಕದಲ್ಲಿ, ಅಂದರೆ ಕುಲದಲ್ಲಿ, ಅದೊಂದೇ. ಹೊಡೆದವರು ಇವತ್ತಿಗೂ ನಮ್ಮ ಮನೆ ಹೊಸ್ತಿಲು ತುಳಿದಿಲ್ಲ. ಸುಗ್ಗಿ ಹಬ್ಬ ಪುತ್ತರಿಯ ದಿನ ಕದಿರು ತೆಗೆಯಲು ಎಲ್ಲರೂ ಗದ್ದೆಗೆ ಬಂದರೂ ಅವರು ದೂರದ ಬದುವಿನಲ್ಲೇ ನಿಂತಿರುತ್ತಾರೆ.

ಅಣ್ಣ, ನಾನು ಕೋವಿ ಬೇಡ ಅನ್ನುವವಳಲ್ಲ. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ತೋಕ್ ಪೂ (ಕೋವಿ ಹೂ) ಕಿತ್ತು ತಂದು ಕೋವಿ ಅಲಂಕರಿಸುವವಳು ನಾನೇ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಎರಡು ಸಲ ಬಹುಮಾನ ತಗೊಂಡಿದೀನಿ. ನಾನು ಕೇಳುವುದು ಇಷ್ಟೇ. ನಮ್ಮ ಮನೆಗಳಲ್ಲಿ ಎಷ್ಟು ಕಡೆ ಕೋವಿ ಗೋಡೆಯ ಮೊಳೆಯಲ್ಲಿ ತೂಗುತ್ತೆ, ತೋಟೆ ಕೆಳಗಿನ ಡ್ರಾಯರಿನಲ್ಲೇ ಇರುತ್ತೆ? ಬಾಗಿಲಿಗೆ ಚಿಲಕ ಕೂಡ ಇರುವುದಿಲ್ಲ. ಕುಡಿದು ಜಗಳವಾಡಿದ ರಾತ್ರಿ, ಪರೀಕ್ಷೆಯಲ್ಲಿ ಫೇಲಾದ ಹುಡುಗ, ಬೆಲೆ ಬಿದ್ದು ಸಾಲದಲ್ಲಿ ಮುಳುಗಿದ ಗಂಡಸು, ಇವರ ಕೈಗೆ ಅದು ಎಷ್ಟು ಹತ್ತಿರ! ಹಕ್ಕೋ ನಂಬಿಕೆಯೋ ಅಂತ ಕೇಳಿದಿರಿ. ಅದಕ್ಕಿಂತ ಮೊದಲು ಬೀಗದ ಮಾತಾಡೋಣ.

ನಾಲ್ನಾಡಿನವ

ಅಕ್ಕ, ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಎದ್ದು ಹೋಗಿ ನೋಡಿದೆ. ನಮ್ಮ ಮನೆಯದೂ ಮೊಳೆಯಲ್ಲೇ ತೂಗುತ್ತಿದೆ. ತೋಟೆ ಡ್ರಾಯರಿನಲ್ಲೂ ಇಲ್ಲ, ಅಪ್ಪನ ಕೋಟಿನ ಜೇಬಿನಲ್ಲಿ, ಅದೇ ಗೋಡೆಯಲ್ಲಿ.

ಲೈನ್‌ಮನೆ ಹುಡುಗ

ಇಲ್ಲಿವರೆಗೆ ಮಾತಾಡಿದವರೆಲ್ಲ ಕೋವಿ ಇದ್ದವರು, ಇಲ್ಲವೆ ಕೋವಿ ಸಿಗುವಂಥವರು. ನಾನು ಪಣಿ ಎರವ ಬುಡಕಟ್ಟಿನ ಹುಡುಗ. ಹುಟ್ಟಿದ್ದು ಕಾಫಿ ತೋಟದ ಲೈನ್‌ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಈಗ ಬಿ.ಎ. ಮುಗಿಸಿದೀನಿ.

ಆನೆ ಬಂದರೆ ಮೊದಲು ಸಿಗೋದು ನಾವು. ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ, ಮಂಜು ಇನ್ನೂ ಎದ್ದಿರೋದಿಲ್ಲ, ಕಾಫಿ ಗಿಡದ ಮರೆಯಲ್ಲಿ ಆನೆ ನಿಂತಿದ್ದರೆ ಹತ್ತು ಅಡಿಗೂ ಕಾಣಲ್ಲ. ನನ್ನ ದೊಡ್ಡಮ್ಮ ಹಾಗೇ ಹೋದಳು, ಕೈಯಲ್ಲಿ ಕತ್ತಿ ಮಾತ್ರ ಇತ್ತು. ಕೋವಿ ಇರೋದು ಬಂಗಲೆಯಲ್ಲಿ. ಜಮ್ಮಾ ಭೂಮಿ ಇದ್ದವರಿಗೆ ವಿನಾಯಿತಿ ಅಂತೀರಿ. ನಮಗೆ ಮನೆ ಕಟ್ಟಿಕೊಳ್ಳೋ ಜಾಗದ ಹಕ್ಕುಪತ್ರವೇ ಇಲ್ಲ.

ಇನ್ನೊಂದು ವಿಷಯ ಮನಸ್ಸಿಗೆ ನೋವು ಮಾಡಿಕೊಳ್ಳದೆ ಕೇಳಿ. ಕೂಲಿ ಬಾಕಿ ಕೇಳೋಕೆ ಅಪ್ಪ ಬಂಗಲೆ ಮೆಟ್ಟಿಲ ಹತ್ತಿರ ನಿಂತಾಗ ಗೋಡೆ ಮೇಲಿನ ಕೋವಿ ಕಾಣುತ್ತಿತ್ತು. ಯಾರೂ ಅದನ್ನು ಕೈಗೆ ತಗೊಂಡು ಹೆದರಿಸಿರಲಿಲ್ಲ, ಸುಳ್ಳು ಹೇಳಲ್ಲ. ಆದರೂ ಅಪ್ಪ ಅದನ್ನು ನೋಡಿಕೊಂಡೇ ಮಾತಾಡುತ್ತಿದ್ದ, ಅರ್ಧ ಮಾತು ನುಂಗುತ್ತಿದ್ದ. ಊರಿಗೆ ಕೇಡಾಗಲ್ಲ ಅಂತ ಸರ್ಕಾರ ನಂಬಿತು ಅಂತ ಬರೆದಿದೀರಿ ಅಣ್ಣ. ಆ ಊರಲ್ಲಿ ನಮ್ಮನ್ನು ಯಾರಾದರೂ ಕೇಳಿದರಾ?

ನಿರ್ವಾಹಕ

ಜಾತಿ ಹೆಸರು ಹಿಡಿದು ಬೈದ ಮೂರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಮೇಲಿನ ಹುಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆ. ಉತ್ತರ ಕೊಡುವ ಮನಸ್ಸಿದ್ದವರು ಮಾತ್ರ ಬರೆಯಿರಿ.

ಕುಶಾಲನಗರ ನಿವೃತ್ತ ಸುಬೇದಾರ್

24 ವರ್ಷ ಸೇನೆಯಲ್ಲಿದ್ದೆ. ಅಲ್ಲಿ ಬಂದೂಕು ಕೋತ್‌ನಲ್ಲಿ, ಅಂದರೆ ಆಯುಧ ಇಡುವ ಕೋಣೆಯಲ್ಲಿ, ಇರುತ್ತೆ. ತೆಗೆದುಕೊಳ್ಳುವಾಗ ಸಹಿ, ಕೊಡುವಾಗ ಸಹಿ. ಒಂದು ಗುಂಡು ಲೆಕ್ಕ ತಪ್ಪಿದರೆ ಇಡೀ ಕಂಪನಿ ರಾತ್ರಿಯೆಲ್ಲ ಹುಡುಕಬೇಕು. ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರು ಹೇಳಿ ಸಮರ ಪರಂಪರೆ ಅನ್ನುತ್ತೇವೆ. ಪರಂಪರೆ ಅಂದರೆ ಆ ಲೆಕ್ಕವೂ ಸೇರಿ.

ಮಗನಿಗೆ ಮೂರೇ ವಿಷಯ ಕಲಿಸಿ. ಕೋವಿ ಕೈಗೆ ಬಂದ ಕೂಡಲೇ ನಳಿಗೆ ಮಡಿಸಿ, ಖಾಲಿ ಇದೆಯೇ ಅಂತ ಕಣ್ಣಲ್ಲಿ ನೋಡಬೇಕು, ಕೊಟ್ಟವನು ಅಪ್ಪನೇ ಆಗಿರಲಿ. ಗುರಿ ಇಡುವ ತನಕ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಗುರಿಯ ಹಿಂದೆ ಏನಿದೆ ಅಂತ ಗೊತ್ತಿಲ್ಲದಿದ್ದರೆ ಹೊಡೆಯಬಾರದು. ಪೊನ್ನಂಪೇಟೆಯವರು ಬರೆದ ಆ ರಾತ್ರಿ ತಪ್ಪಿದ್ದು ಈ ಮೂರನೆಯದು. 2016ರ ಆಯುಧ ನಿಯಮಗಳಲ್ಲಿ ಲೈಸೆನ್ಸಿಗೆ ಅರ್ಜಿ ಹಾಕುವವರಿಗೆ ಸುರಕ್ಷತಾ ತರಬೇತಿ ಇಟ್ಟಿದ್ದಾರೆ. ವಿನಾಯಿತಿ ಇದ್ದವರೂ ಅದನ್ನು ಹೋಗಿ ಕಲಿಯಬಹುದಲ್ಲ, ಯಾರು ಬೇಡ ಅಂದರು?

ನಾಲ್ನಾಡಿನವ

ಬರೆಯುವುದು ತಡವಾಯಿತು. ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್ ಮುಗಿಸಿ ಬರೆಯೋಣ ಅಂತ ಕಾದೆ.

ಅಪ್ಪ ಇಲ್ಲದ ಮೊದಲ ಕೈಲ್ ಪೊಳ್ದ್. ಐನ್‌ಮನೆಯಲ್ಲಿ, ಅಂದರೆ ಹಿರಿಯರ ಮೂಲಮನೆಯಲ್ಲಿ, ಒಕ್ಕದವರೆಲ್ಲ ಸೇರಿದ್ದೆವು. ದೀಪದ ಮುಂದೆ ಕೋವಿಗಳನ್ನು ಸಾಲಾಗಿ ಇಟ್ಟು ಪೂಜೆ ಆಯಿತು. ಕಡಂಬಿಟ್ಟು, ಪಂದಿಕರಿಗೆ ಕೂರುವ ಮೊದಲು ನಾನು ಎದ್ದು ನಿಂತು, ಮದುವೆಯಲ್ಲಿ ಅವತ್ತು ಸುಮ್ಮನಿದ್ದದ್ದು ನನ್ನ ತಪ್ಪು ಅಂದೆ. ಇನ್ನು ಮುಂದೆ ನಮ್ಮ ಒಕ್ಕದ ಮದುವೆಯಲ್ಲಿ ಕುಡಿದವನ ಕೈಗೆ ಕೋವಿ ಇಲ್ಲ, ಪುತ್ತರಿ ಕದಿರಿಗೂ ಸಾವಿಗೂ ಹೊಡೆಯುವವನು ಒಬ್ಬನೇ, ಅವನನ್ನು ಹಿರಿಯರು ಮೊದಲೇ ಹೆಸರಿಸಿರಬೇಕು ಅಂತ ಕೇಳಿದೆ. ಇಬ್ಬರು ಚಿಕ್ಕಪ್ಪಂದಿರು ಮುಖ ಗಂಟಿಕ್ಕಿದರು. ಒಬ್ಬರಂತೂ "ನಿನ್ನಪ್ಪ ಇದ್ದಿದ್ದರೆ ಈ ಮಾತು ಬರುತ್ತಿತ್ತಾ" ಅಂದರು. ಆಗ ದೊಡ್ಡ ಅತ್ತೆ, 81 ವರ್ಷ, ಕೂತಲ್ಲಿಂದಲೇ "ಅವನಪ್ಪ ಇದ್ದಿದ್ದರೆ ಆ ಹುಡುಗನ ಕೆನ್ನೆಗೆ ಬಾರಿಸುತ್ತಿದ್ದ" ಅಂದರು. ಅಲ್ಲಿಗೆ ತೀರ್ಮಾನ ಆಯಿತು.

ಅಕ್ಕ, ಕಬ್ಬಿಣದ ಬೀರು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದೆ. ತೋಟೆಗೆ ಬೇರೆ ಪೆಟ್ಟಿಗೆ, ಬೇರೆ ಬೀಗ, ಬೇರೆ ಕೋಣೆ. ಒಂದು ಬೀಗದ ಕೈ ನನ್ನ ಹತ್ತಿರ, ಇನ್ನೊಂದು ನನ್ನ ಹೆಂಡತಿಯ ಹತ್ತಿರ. ಒಬ್ಬರೇ ತೆಗೆಯೋಕೆ ಆಗಬಾರದು ಅಂತ.

ಸುಬೇದಾರ್ ಸರ್, ತೆಂಗಿನಕಾಯಿಗೆ ಹೊಡೆಯುವಾಗ ಮಗನ ಕೈಗೆ ಕೋವಿ ಕೊಟ್ಟೆ. ತಗೊಂಡವನೇ ನಳಿಗೆ ಮಡಿಸಿ ಎರಡೂ ಕಡೆ ಇಣುಕಿ ನೋಡಿದ, ಮರದ ಹಿಂದೆ ಯಾರಾದರೂ ಇದ್ದಾರಾ ಅಂತ ಕೂಗಿ ಕೇಳಿದ, ಆಮೇಲೆ ಹೊಡೆದ. ಕಾಯಿಗೆ ತಾಗಲಿಲ್ಲ. ಪರವಾಗಿಲ್ಲ. ಬೆಂಗಳೂರಿಗೆ ಒಯ್ಯುವ ಮಾತನ್ನು ಅವನೇ ಬಿಟ್ಟ, ವಕೀಲೆ ಮೇಡಂ ಬರೆದದ್ದು ಎರಡು ಸಲ ಓದಿದನಂತೆ.

ಇನ್ನು ಲೈನ್‌ಮನೆಯ ತಮ್ಮ. ನಿನಗೆ ಏನು ಹೇಳಲಿ. ನಾವು ಕೇಳಿಲ್ಲ, ಅದು ನಿಜ. ನಮ್ಮ ತೋಟದ ಲೈನಿಗೆ ಹೋಗಿ ನಿನ್ನ ಪ್ರಶ್ನೆಯನ್ನೇ ಅಲ್ಲಿನವರ ಹತ್ತಿರ ಕೇಳಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಅಜ್ಜಿ, ಕೋವಿ ಗೋಡೆಯಿಂದ ತೆಗೆದರಲ್ಲ ಅಷ್ಟು ಸಾಕು ಅಂದರು. ಆನೆ ಬಂದದ್ದು ಗೊತ್ತಾದರೆ ಮೊದಲು ಲೈನಿಗೆ ಫೋನ್, ಆಮೇಲೆ ಅರಣ್ಯ ಇಲಾಖೆಗೆ, ಲೈನಿನವರೆಲ್ಲ ಒಳಗಿದ್ದಾರೆ ಅಂತ ತಿಳಿದ ಮೇಲೆ ಮಾತ್ರ ಗಾಳಿಗೆ ಈಡು ಅಂತ ಮಾತಾಡಿಕೊಂಡಿದ್ದೇವೆ. ಮಂಜು ಕರಗುವ ತನಕ ಕೆಲಸಕ್ಕೆ ಕರೆಯುವುದಿಲ್ಲ. ಕೂಲಿ ಕಡಿಯುವುದಿಲ್ಲ.

ಲೈನ್‌ಮನೆ ಹುಡುಗ

ಓದಿದೆ ಅಣ್ಣ. ಅಮ್ಮನಿಗೂ ಓದಿ ಹೇಳಿದೆ.

2029ಕ್ಕೆ ಮುಂಚೆ ವಿನಾಯಿತಿ ಮುಂದುವರಿಸಿ ಅಂತ ನಿಮ್ಮವರು ಡಿಸಿ ಹತ್ತಿರ ಮನವಿ ಕೊಡ್ತಾರಲ್ಲ, ಅದಕ್ಕೂ ಮೊದಲು ಒಂದು ಸಭೆ ಆಗುತ್ತೆ. ಆ ಸಭೆಗೆ ನಮ್ಮ ಹಾಡಿಯವರನ್ನೂ ಕರೀತೀರಾ?

ನಾಲ್ನಾಡಿನವ

ನಮ್ಮ ನಾಡಿನ ಸಭೆಯಾದರೆ ನಾನೇ ಬಂದು ಕರೀತೀನಿ. ಬೇರೆ ಕಡೆಯದು ನನ್ನ ಕೈಯಲ್ಲಿಲ್ಲ, ಆದರೆ ಕೇಳಿಯೇ ಕೇಳ್ತೀನಿ. ನಿನ್ನ ನಂಬರ್ ಮೆಸೇಜ್ ಮಾಡು ತಮ್ಮ.